ಗಾಳಿ ತೆಗೆಯುವ ಕಾಕಾ

ಜಮಖಂಡಿಯ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಸೂಕ್ಷ್ಮ ರಂಧ್ರಗಳ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳ್ಳಿಯ ತೆಳುಪದರ ಕೂಡಿಸುವುದು ನನ್ನ ಸಂಶೋಧನೆ. ಅದಕ್ಕೆ ಮೊದಲು ಬಿಲ್ಲೆಯನ್ನಿಟ್ಟ ಗಾಜಿನ ಗುಮ್ಮಟದೊಳಗಿನ ಗಾಳಿಯನ್ನೆಲ್ಲ ಪಂಪು ತಾಸುಗಟ್ಟಲೆ ಹೀರಬೇಕು. ನಾನು ಚಡಪಡಿಸಿದರೆ ಕಾಕಾ ಬೆನ್ನ ಹಿಂದೆ ಕೈಕಟ್ಟಿ, "ಮೊದಲ ಗಾಳಿ ಹೋಗಲಿರಿ," ಎನ್ನುತ್ತಿದ್ದರು. ಪ್ರಿನ್ಸಿಪಾಲರು ಸಿಟ್ಟಿನಿಂದ ನುಗ್ಗಿ ಬಂದರೂ ಅದೇ ಮಾತು.

ಬಿಲ್ಲೆ ಮದ್ಯದ ಆವಿಯನ್ನು ಪತ್ತೆ ಹಚ್ಚಬೇಕಿತ್ತು. ಅದನ್ನು ನೋಡಲು ಬಂದ ಪರೀಕ್ಷಕರು ಮಹಾಲಿಂಗಪುರದ ಗೆಳೆಯರಲ್ಲಿ ಊಟ ಮುಗಿಸಿಯೇ ಬಂದಿದ್ದರು. ನಾನಿನ್ನೂ ಪರೀಕ್ಷೆಗೆಂದು ಇಟ್ಟ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. "ಇದೇನ್ ಕೆಲಸ ಮಾಡತೈತಿ ಬಿಡ್ರಿ," ಎನ್ನುತ್ತ ಅವರು ಬಿಲ್ಲೆಯ ಮೇಲೆ ಬಾಗಿದರು. ಅದಕ್ಕೆ ಜೋಡಿಸಿದ್ದ ಮೀಟರಿನ ಮುಳ್ಳು ಸರ್ರನೆ ಕೊನೆಗೆ ಹೋಗಿ ನಿಂತಿತು.

ಅವರು ಕಾಕಾನನ್ನು ದುರುಗುಟ್ಟಿ ನೋಡಿದರು. "ಇಲ್ಲಿ ಯಾರೋ ಕುಡದ ಬಂದಾರ."

"ಸರ, ನಾಕ ಹೆಜ್ಜಿ ಹಿಂದ ಸರೀರಿ. ಮೊದಲ ಗಾಳಿ ಹೋಗಲಿರಿ."

ಪರೀಕ್ಷಕರು ಸರಿದರು, ಮುಳ್ಳು ಸೊನ್ನೆಗೆ ಇಳಿಯಿತು. ಕಾಕಾ ಬಾಗಿ ಬಿಲ್ಲೆಯ ಮೇಲೆ ಬಾಯ್ತುಂಬ ಊದಿದರು. ಮುಳ್ಳು ಕದಲಲಿಲ್ಲ.

"ಈಗ ನೀವು ಊದ್ರಿ ಸರ," ಎಂದರು ವಿನಯದಿಂದ.

ಪರೀಕ್ಷಕರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೇ ನನ್ನ ವರದಿಗೆ ಸಹಿ ಹಾಕಿದರು.