ಕಿವಿಗೆ ಹೋದ ವಿಡಿಯೋ ಕರೆ

ಹೂಟಗಳ್ಳಿಯ ಕೀರ್ತಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಕೈಸನ್ನೆಯಲ್ಲಿ ಮಾತಾಡುತ್ತಾಳೆ. ತಾನು ದುಡಿಯುವ ಕಾರ್ಖಾನೆಗೆ ರಜೆಯಿರುವ ಭಾನುವಾರ ತಾಯಿ ಸೋಮಮ್ಮನೊಂದಿಗೆ ಅಂಗಡಿಯಿಂದ ಅಂಗಡಿಗೆ ಹೋಗಿ, ಕಿವಿ ಕೇಳದ ಗಿರಾಕಿಗಳ ವಿಡಿಯೋ ಕರೆಗಳನ್ನೂ ತೆಗೆದುಕೊಳ್ಳಿ ಎಂದು ಕೇಳುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ. ಅವಳ ಸನ್ನೆಗೆ ತಾಯಿಯೇ ದನಿ. ಬರೆದು ಕಳಿಸಿದ ಸಂದೇಶವನ್ನು ವ್ಯಾಪಾರದ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ, ಕರೆಯಾದರೆ ತಕ್ಷಣ ತೆಗೆಯುತ್ತಾರೆ ಎಂಬುದು ಅವಳ ವಾದ.

ತಂತ್ರಜ್ಞಾನ ಎಲ್ಲರನ್ನೂ ಹತ್ತಿರ ತರುತ್ತದೆಂಬ ಮಾತನ್ನು ನಾನು ಸುಲಭವಾಗಿ ನಂಬುವವನಲ್ಲ. ತಾಯಿ-ಮಗಳ ನೆರೆಯವನಾದ್ದರಿಂದ ಮುಂದಿನದನ್ನು ಹತ್ತಿರದಿಂದ ಕಂಡೆ.

ಔಷಧಿ ಅಂಗಡಿಯ ಚಿಕ್ಕಣ್ಣ ಮೊದಲು ಒಪ್ಪಲಿಲ್ಲ. ಅಮ್ಮ ಫೋನ್ ಮಾಡಿದರೆ ಸಾಲದೇ, ಮುಖ ನೋಡಿ ಮಾತ್ರೆ ಕೊಡಲು ಇದೇನು ಹೆಣ್ಣು ನೋಡುವ ಶಾಸ್ತ್ರವೇ ಎಂದು ನಕ್ಕರು. ಉಬ್ಬಸದ ಸೋಮಮ್ಮ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದರು:

"ಉಸಿರು ಕಟ್ಟೋದು ನಂಗೆ ಕಣಪ್ಪ. ಆವಾಗ ಫೋನ್‌ನಲ್ಲಿ ಮಾತಾಡೋರು ಯಾರು?"

ಚಿಕ್ಕಣ್ಣ ನಂಬರು ಕೊಟ್ಟರು.

ಚಳಿಗಾಲದ ಒಂದು ಸಂಜೆ ಅದೇ ಆಯಿತು. ಸೋಮಮ್ಮನ ಉಸಿರು ಬಿಗಿಯಿತು. ಬಾಯಿಗೆ ಔಷಧಿ ಹೊಡೆದುಕೊಳ್ಳುವ ಪಂಪು ಖಾಲಿಯಾಗಿತ್ತು. ಕೀರ್ತಿ ವಿಡಿಯೋ ಕರೆ ಮಾಡಿದಳು. ಕರೆ ತೆಗೆದ ಚಿಕ್ಕಣ್ಣ ರೂಢಿಯಂತೆ ಫೋನನ್ನು ಕಿವಿಗೆ ಒತ್ತಿಕೊಂಡರು. ಪರದೆಯ ತುಂಬ ಕಿವಿ, ನರೆಗೂದಲು. ಅವಳು ಖಾಲಿ ಪಂಪನ್ನು ಎತ್ತಿ ತೋರಿಸಿದಳು, ಕಿವಿ ಕದಲಲಿಲ್ಲ. ತಾಯಿಯ ಮುಖವನ್ನಾದರೂ ತೋರಿಸೋಣವೆಂದು ಫೋನನ್ನು ಹತ್ತಿರ ಹಿಡಿದಳು. ಕರೆ ಕಡಿದುಹೋಯಿತು. ಕೀರ್ತಿ ಓಡಿಬಂದು ನಮ್ಮ ಬಾಗಿಲು ಬಡಿದಳು. ನಾನು ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ಚಿಕ್ಕಣ್ಣನ ಸ್ಕೂಟರ್ ಬಂತು. ಅವರ ಕೈಯಲ್ಲಿ ಹೊಸ ಪಂಪು.

ಫೋನಿನಲ್ಲಿ ಕೇಳಿದ ಉಬ್ಬಸದ ಸುಯ್ಲನ್ನು ಅವರು ಗುರುತಿಸಿದ್ದರು. ಕೀರ್ತಿ ತೋರಿಸಿದ್ದು ಯಾವುದೂ ಅವರಿಗೆ ಕಂಡಿರಲಿಲ್ಲ. ಅವರಿಗೆ ತಲುಪಿದ್ದು, ತಾನು ಕಳಿಸುತ್ತಿದ್ದೇನೆಂದು ಅವಳೇ ಅರಿಯದ ಸದ್ದು.

ಸೋಮಮ್ಮ ಉಳಿದರು. ಬೀದಿಯವರು ವಿಡಿಯೋ ಕರೆಯನ್ನು ಹೊಗಳಿದರು. ಒಮ್ಮೆ ಫಲಿಸಿದ್ದನ್ನೇ ಪುರಾವೆಯೆಂದು ಒಪ್ಪುವ ಆತುರ ಕೀರ್ತಿಗಿರಲಿಲ್ಲ. ಮುಂದಿನ ಭಾನುವಾರ ಅಂಗಡಿಯಲ್ಲಿ ಅವಳ ಕೈಗಳು ಆಡಿದ್ದನ್ನು ತಾಯಿ ಹೇಳಿದರು:

"ಅವತ್ತು ನನ್ನ ಉಸಿರಲ್ಲಿ ಸದ್ದಿತ್ತು. ಸದ್ದೇ ನಿಂತೋಗಿದ್ರೆ ನಿಮ್ಗೆ ಎಂಗೆ ಗೊತ್ತಾಗೋದು ಅಂತ ಕೇಳ್ತಾವಳೆ."

ಕೀರ್ತಿ ರಸ್ತೆ ದಾಟಿ, ಎದುರು ನಿಂತು ಕರೆ ಮಾಡಿದಳು. ಚಿಕ್ಕಣ್ಣನ ಕೈ ಮತ್ತೆ ಕಿವಿಯತ್ತಲೇ ಹೋಯಿತು. ಅವಳು ಕರೆ ಕಡಿದು ಮತ್ತೆ ಮಾಡಿದಳು. ಗಿರಾಕಿಗಳು ಕಾದರು. ಕೊನೆಗೆ ಪರದೆಯಲ್ಲಿ ಅವರ ಮುಖ ಕಂಡಾಗ ಖಾಲಿ ಪಂಪನ್ನು ಎತ್ತಿ ತೋರಿಸಿದಳು. ಚಿಕ್ಕಣ್ಣ ಹೊಸದನ್ನು ತೆಗೆಯಲು ಕಪಾಟಿನತ್ತ ತಿರುಗಿದರು.