ಬಾಡಿಗೆ ಸ್ಟೋಗಳ ಮಾವಶಿ

ಕಳೆದ ವಾರ ನಮ್ಮ ಆಫೀಸಿನ ಕಿಟಕಿಗಳಿಗೆ ಬಣ್ಣ ಬಳಿಯಲು ಬಂದವನು ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದ. ಈಗಿನ ಕಾಲದಲ್ಲಿ ಅದನ್ನು ಎಲ್ಲಿಂದ ತಂದಿದ್ದನೋ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿರಜದ ಆಸ್ಪತ್ರೆಗಳ ಹಿಂದಿನ ಓಣಿ, ಗೋಡೆಗುಂಟ ಇಟ್ಟ ಹಿತ್ತಾಳೆ ಸ್ಟೋಗಳು, ನಡುವೆ ಸ್ಟೋದ ತೂತು ಬಿಡಿಸುವ ಪಿನ್ನು ಹಿಡಿದು ಕೂತ ಮಾವಶಿ...

ನಾನು ಮಿರಜದ ಹತ್ತಿರದ ಸಲಗರೆಯವಳು. ನಮ್ಮದು ಕುರಿ ಸಾಕುವ ಮನೆತನ. ನಮ್ಮಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಮಿರಜದಲ್ಲಿ ಕಾಲೇಜು ಓದುವಾಗ ಮಾವಶಿಯ ಮನೆಯ ಮೂಲೆಯೊಂದರಲ್ಲಿ ಬಾಡಿಗೆಗಿದ್ದೆ. ಸಂಬಂಧಿಯೇನಲ್ಲ. ಓಣಿಯವರೆಲ್ಲ ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಅನ್ನುತ್ತಿದ್ದರು, ನಾನೂ ಅಂದೆ. ಅವಳು ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. “ಏ ಕಾಲೇಜ, ಪುಸ್ತಕಾ ಸರಸ, ಸ್ಟೋ ಇಡಬೇಕ” ಅನ್ನುತ್ತಿದ್ದಳು.

ಅಥಣಿ, ಜಮಖಂಡಿ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ಬಂದವರಿಗೆ ದಿನಾ ಹೋಟೆಲಿನಲ್ಲಿ ಉಣ್ಣುವುದು ಆಗುತ್ತಿರಲಿಲ್ಲ. ಅಂಥವರಿಗೆ ಮಾವಶಿ ಸ್ಟೋ, ತವೆ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದಳು. ಅವರು ಆಸ್ಪತ್ರೆಯ ಹಿಂದಿನ ಬಯಲಲ್ಲಿ ರೊಟ್ಟಿ ಬಡಿದುಕೊಳ್ಳುತ್ತಿದ್ದರು. ಚಾಪೆ ಬಾಡಿಗೆ ಕೊಡುವವನು, ಗೇಟಿನಲ್ಲಿ ಎಳನೀರು ಮಾರುವವನು, ಎಲ್ಲರೂ ಬದುಕಿದ್ದು ಅದೇ ಜನರ ಮೇಲೆ. ಬಾಡಿಗೆ ಕಡಿಮೆ ಮಾಡಿರೆಂದು ಯಾರಾದರೂ ಅಂದರೆ ಮಾವಶಿ ಪಿನ್ನು ಎತ್ತಿ ತೋರಿಸುತ್ತಿದ್ದಳು: “ಡಾಕ್ಟರಗ ಹಿಂಗ ಅಂದೀರೇನ್ರಿ? ಅಲ್ಲಿ ಬಾಯಿ ಮುಚ್ಚಿ ಕೊಟ್ಟು ಬರ್ತೀರಿ, ನನ್ನ ಮುಂದ ಬಾಯಿ ಬಿಡ್ತೀರಿ.”

ಆದರೆ ಅವಳದೊಂದು ಕಟ್ಟಳೆಯಿತ್ತು. ರೋಗಿ ತೀರಿಕೊಂಡರೆ ಬಾಡಿಗೆ ಮುಟ್ಟುತ್ತಿರಲಿಲ್ಲ. ಪಾತ್ರೆ ತೊಳೆದು ಕೊಡಲೂ ಬಿಡುತ್ತಿರಲಿಲ್ಲ, ತಾನೇ ತೊಳೆಯುತ್ತಿದ್ದಳು. ಹಿಂದೊಮ್ಮೆ ತಾನೂ ಗಂಡನನ್ನು ಕರೆದುಕೊಂಡು ಮಿರಜಕ್ಕೆ ಬಂದವಳಂತೆ. ಗಂಡ ಉಳಿಯಲಿಲ್ಲ, ಅವಳು ಊರಿಗೆ ಹೋಗಲಿಲ್ಲ. “ಅವತ್ತ ನನ್ನ ಕಡೆ ಬಾಡಿಗಿ ತೊಗೊಂಡ್ರು,” ಎಂದಷ್ಟೇ ಹೇಳಿದ್ದಳು. ಯಾರು ಅಂತ ನಾನು ಕೇಳಲಿಲ್ಲ.

ಒಂದು ಮುಂಜಾನೆ ಒಬ್ಬ ಗಂಡಸು ಸ್ಟೋ ತಂದಿಟ್ಟು, “ಅವ್ವ ಹ್ವಾದ್ಳ್ರಿ,” ಎಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಹದಿನೈದು ದಿನದ ಬಾಡಿಗೆಯಾಗಿತ್ತು. ಮಾವಶಿ ಬೇಡವೆಂದಳು. ದಾರಿಗಿರಲಿ ಎಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮಧ್ಯಾಹ್ನ ನಾನೂ ಅವಳೂ ಬಸ್ ನಿಲ್ದಾಣದ ಮುಂದೆ ಬರುವಾಗ ಅಥಣಿ ಬಸ್ಸಿನ ಕಿಟಕಿಯಲ್ಲಿ ಒಬ್ಬ ಮುದುಕಿ ಅದೇ ರೊಟ್ಟಿ ತಿನ್ನುತ್ತಿದ್ದಳು. ಪಕ್ಕದಲ್ಲಿ ಅವನು.

ಮಾವಶಿ ಕಿಟಕಿಯ ಹತ್ತಿರ ಹೋದಳು. ಈಗ ಇಡೀ ನಿಲ್ದಾಣ ಕೇಳುವಂತೆ ಬೈಯುತ್ತಾಳೆ ಅಂದುಕೊಂಡೆ.

“ಆರಾಮ ಆತೇನ್ರಿ ಎವ್ವಾ?”

“ಆತು ನಮ್ಮವ್ವ. ಇವತ್ತ ಬಿಟ್ರು. ರೊಟ್ಟಿ ಯಾರ ಕೊಟ್ಟಾರೋ, ಬೆಣ್ಣಿ ಆಗ್ಯಾವ ನೋಡ.”

ಮಗ ತಲೆ ಎತ್ತಲಿಲ್ಲ. ಬಸ್ಸು ಹೊರಟಿತು. ಮನೆ ಹತ್ತಿರ ಬಂದಾಗ ಮಾವಶಿ, “ಜೀವಂತ ತಾಯಿನ್ನ ಹಿಂಗ ಅನ್ನಾಕ ಬಾಯಿ ಹೆಂಗ ಬಂತ?” ಅಂದಳು. ರೊಕ್ಕದ ಮಾತೇ ಎತ್ತಲಿಲ್ಲ.

ಮರುದಿನದಿಂದ ಬಾಡಿಗೆ ಮುಂಗಡ ತೆಗೆದುಕೊಳ್ಳತೊಡಗಿದಳು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಕೆಲವು ದಿನ ಕಳೆದ ಮೇಲೆ ಒಬ್ಬ ಹೆಣ್ಣುಮಗಳು, ನನ್ನ ವಾರಿಗೆಯವಳೇ, ಸ್ಟೋ ತಂದು ಬಾಗಿಲಲ್ಲಿ ಇಟ್ಟಳು. “ನಮ್ಮ ಮನಿಯವರು ಹ್ವಾದ್ರ್ರಿ,” ಅಂದಳು. ಮುಂಗಡ ತಿರುಗಿ ಕೊಡಲು ಮಾವಶಿಯ ಕೈ ಸೊಂಟದ ಚೀಲಕ್ಕೆ ಹೋಯಿತು. ಅಲ್ಲೇ ನಿಂತಿತು.

“ಖರೇನ?” ಅಂದಳು.

ಆ ಹುಡುಗಿ ಅಳಲಿಲ್ಲ, ಸಿಟ್ಟಾಗಲಿಲ್ಲ. “ಬರ್ರಿ, ನೋಡ್ರಿ. ಗಾಡಿ ಇನ್ನೂ ಗೇಟಿನ್ಯಾಗ ಐತಿ.”

ಮಾವಶಿ ಹೋದಳು. ಚಪ್ಪಲಿ ಮೆಟ್ಟದೆ, ಆ ಹುಡುಗಿಯ ಹಿಂದೆ ಓಣಿ ದಾಟಿ ಹೋದಳು. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಬಂದವಳು ಮುಸುರೆ ಪಾತ್ರೆಯನ್ನು ಎಷ್ಟೋ ಹೊತ್ತು ತಿಕ್ಕುತ್ತಲೇ ಇದ್ದಳು.

ಆ ವಾರವೇ ಸ್ಟೋಗಳನ್ನೆಲ್ಲ ಗುಜರಿಯವನಿಗೆ ಹಾಕಿ, ಸ್ಟೇಷನ್ ಹತ್ತಿರದ ಖಾನಾವಳಿಯೊಂದರಲ್ಲಿ ಪಗಾರಕ್ಕೆ ರೊಟ್ಟಿ ಬಡಿಯಲು ನಿಂತಳು. ಯಾಕೆ ಮಾವಶಿ, ಸ್ವಂತದ ದಂಧೆ ಚೆನ್ನಾಗೇ ನಡೆದಿತ್ತಲ್ಲ ಅಂದೆ. “ಖರೇ ಯಾರದು, ಸುಳ್ಳ ಯಾರದು, ಅದನ್ನ ನೋಡಿ ನೋಡಿ ಸಾಕಾಗೇತಿ. ಇಲ್ಲಿ ನಾ ಯಾರನ್ನೂ ಏನೂ ಕೇಳಂಗಿಲ್ಲ,” ಅಂದಳು.

ನಾನು ಪಾಸಾಗಿ ಸಾಂಗ್ಲಿಗೆ ಬಂದೆ. ಒಂದು ಸಹಕಾರಿ ಪತಸಂಸ್ಥೆಯಲ್ಲಿ ಸಾಲದ ಕೌಂಟರಿನಲ್ಲಿ ಕೂರುತ್ತೇನೆ. ಮಗಳ ಮದುವೆ, ತಂದೆಯ ಆಪರೇಷನ್ ಎಂದು ಬರುತ್ತಾರೆ. ಪುರಾವೆಗೆ ಕಾಗದ ತನ್ನಿ ಅನ್ನುತ್ತೇನೆ. ಅದು ನನ್ನ ಕೆಲಸ. ಸಂಜೆಯ ಹೊತ್ತಿಗೆ ಅವರ ಮುಖಗಳನ್ನೂ ನೋಡಲಾರದಷ್ಟು ದಣಿದಿರುತ್ತೇನೆ.

ಆ ಸೀಮೆಎಣ್ಣೆಯ ವಾಸನೆ ಬಡಿದ ವಾರದ ಭಾನುವಾರ ಮಿರಜಕ್ಕೆ ಹೋದೆ. ಖಾನಾವಳಿ ಹಾಗೇ ಇತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತವನನ್ನು ಮಾವಶಿಯ ಬಗ್ಗೆ ಕೇಳಿದೆ.

“ತ್ಯಾ ಗೇಲ್ಯಾ ಕೀ,” ಎಂದ ಮರಾಠಿಯಲ್ಲಿ, ತೀರಿಹೋದಳೆಂದು. ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ಬಂದ. “ಭಾಳ ದಿನ ಆತ್ರಿ. ನಿಮಗ ಏನಾಗಬೇಕು?”

“ಬಾಡಿಗಿ ಇದ್ದೆ,” ಅಂದೆ.

ಅವನು ತಲೆಯಾಡಿಸಿ ಮುಂದಿನ ಗಿರಾಕಿಯ ಕಡೆ ತಿರುಗಿದ. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಖರೇನ ಅಂತ ಕೇಳದೆ ಸಾಂಗ್ಲಿ ಬಸ್ಸು ಹಿಡಿದೆ.