ಬಾಗಿಲು ತೆರೆಯದ ಭಾನುವಾರ

ಹೋದ ತಿಂಗಳು ನಮ್ಮ ಮನೆಯಲ್ಲಿ ಇದ್ದಕ್ಕಿದ್ದಂತೆ ಒಣಮೀನಿನ ವಾಸನೆ ಬಂತು. ನಮ್ಮದು ಮೀನು ತರುವ ಮನೆಯಲ್ಲ. ಗಂಡ ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ಕಿಟಕಿಯ ಆಚೆ ಎಲ್ಲ ಹುಡುಕಿದರು. ನಾನು ನೇರ ಹೋಗಿ ಇನ್ವರ್ಟರ್ ಪಕ್ಕದ ಸ್ವಿಚ್ಚಿನ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ಸ್ವಿಚ್ಚಿನ ಒಳಗಿನ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಸುಡುತ್ತಿದ್ದರೆ ಹಾಗೆಯೇ ವಾಸನೆ ಬರುತ್ತದೆ. ಅದನ್ನು ನನಗೆ ಕಲಿಸಿಕೊಟ್ಟಿದ್ದು ನಮ್ಮ ವೈರಿಂಗ್ ಅಕ್ಕ... ಕಲಿಸಿಕೊಟ್ಟ ದಿನ ನಾವಿಬ್ಬರೂ ಒಂದು ಗಾಡಿಯೊಳಗೆ ಸಿಕ್ಕಿಹಾಕಿಕೊಂಡಿದ್ದೆವು.

ತುಮಕೂರು ರಸ್ತೆಯ ಮೇಲೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ಡಿಪ್ಲೊಮಾ ಮುಗಿಸಿದ ನನಗೆ ಪೀಣ್ಯದ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಬಸ್ಸು, ವ್ಯಾನುಗಳಿಗೆ ಬಾಡಿ ಕಟ್ಟುತ್ತಿದ್ದರು. ಸಿನಿಮಾದವರಿಗೆ, ದೊಡ್ಡ ಮನುಷ್ಯರಿಗೆ ಒಳಗೆ ಸೋಫಾ, ಮಂಚ, ಬಚ್ಚಲು ಎಲ್ಲ ಇರುವ ಕ್ಯಾರವಾನ್‌ಗಳನ್ನೂ ಮಾಡಿಕೊಡುತ್ತಿದ್ದರು. ಮುಗಿದ ಕೆಲಸವನ್ನು ಕರೆಂಟ್ ಅಳೆಯುವ ಮೀಟರ್ ಹಿಡಿದು ಪರೀಕ್ಷಿಸಿ, ಚೆಕ್‌ಶೀಟಿನಲ್ಲಿ ಟಿಕ್ ಹಾಕಿ ಸಹಿ ಮಾಡುವುದು ನನ್ನ ಕೆಲಸ. ಈ ಕೆಲಸ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಮನೆಯಲ್ಲಿ ನನ್ನ ಮದುವೆಯ ಮಾತು ನಿಂತಿತ್ತು. ಕೆಲಸ ಹೋದರೆ ಮಾರನೆಯ ವಾರವೇ ಸೋದರಮಾವ ಗಂಡಿನ ಕಡೆಯವರನ್ನು ಕರೆದುಕೊಂಡು ಬಂದು ನಡುಮನೆಯಲ್ಲಿ ಕೂರಿಸುತ್ತಾನೆಂದು ನನಗೆ ಗೊತ್ತಿತ್ತು.

ಅಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಅಕ್ಕ ಬಿಜಾಪುರದ ಕಡೆಯವಳು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಯಾವ ಸರ್ಟಿಫಿಕೇಟೂ ಇರಲಿಲ್ಲ. ಗಾಡಿಯ ಮೈಯೊಳಗೆ ನೂರಾರು ವೈರುಗಳನ್ನು ಜಡೆ ಹೆಣೆದಂತೆ ಕಟ್ಟಿಕೊಂಡು ಹೋಗುತ್ತಿದ್ದಳು. ನಾಲಿಗೆ ಮಾತ್ರ ಚುರುಕು. ನಾನು ಮೀಟರ್ ಹಿಡಿದು ಬಂದರೆ ಸಾಕು, "ಬಂದ್ರು ನೋಡ್ರಿ ಡಾಕ್ಟರ್ ಮೇಡಂ, ಪೇಶಂಟ್ ಸತ್ತದೋ ಬದುಕೇದೋ ಹೇಳ್ತಾರ" ಎಂದು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು. ನನಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ.

ಅದು ಏಪ್ರಿಲ್ ತಿಂಗಳ ಒಂದು ಭಾನುವಾರ. ಒಬ್ಬ ನಟರ ಕ್ಯಾರವಾನ್ ಸೋಮವಾರ ಬೆಳಿಗ್ಗೆ ಹೊರಡಬೇಕಿತ್ತು. ಶನಿವಾರ ಸಂಜೆಯೇ ನಾನು ಎಲ್ಲದಕ್ಕೂ ಟಿಕ್ ಹಾಕಿ ಮುಗಿಸಿದ್ದೆ. ವೈರಿಂಗ್‌ನಲ್ಲಿ ಮಂಚದ ಹತ್ತಿರದ ಎರಡು ದೀಪ ಮಾತ್ರ ಬಾಕಿ ಇದ್ದವು. ಅದಕ್ಕಾಗಿ ನಮ್ಮಿಬ್ಬರನ್ನು ಕರೆಸಿದ್ದರು. ಗಾಡಿಯ ಫೋಟೋ ಹೊರಗೆ ಹೋಗಬಾರದೆಂದು ಮಾಲೀಕರ ಕಟ್ಟಪ್ಪಣೆ ಇದ್ದುದರಿಂದ ನಮ್ಮ ಫೋನುಗಳು ಗೇಟಿನಲ್ಲಿ ವಾಚ್‌ಮನ್ ಬಳಿ ಇದ್ದವು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುತ್ತಿದ್ದರು, ಅದರ ಧೂಳು ಹೊಸ ಸೋಫಾದ ಮೇಲೆ ಕೂರುತ್ತಿತ್ತು. "ಬಾಗ್ಲಾ ಹಾಕ್ರಿ ಮೇಡಂ" ಎಂದಳು ಅಕ್ಕ. ನಾನು ಗುಂಡಿ ಒತ್ತಿದೆ. ಬಾಗಿಲು ಸರಿದು ಬಂದು ಮುಚ್ಚಿತು, ಲಾಕ್ ಕಟ್ ಎಂದಿತು, ಅದರ ಹಿಂದೆಯೇ ಒಳಗಿನ ದೀಪಗಳೆಲ್ಲ ಹೋದವು.

ಮತ್ತೆ ಗುಂಡಿ ಒತ್ತಿದೆ. ಏನೂ ಇಲ್ಲ. ಕರೆಂಟಿಲ್ಲದಾಗ ಕೈಯಿಂದ ತೆರೆಯಲು ಒಂದು ಹಿಡಿ ಇರಬೇಕಿತ್ತು. ಅದು ಇನ್ನೂ ಬಂದಿರಲಿಲ್ಲ, ಅದು ಕೂರಬೇಕಾದ ತೂತಿಗೆ ಟೇಪು ಅಂಟಿಸಿದ್ದರು. ಡ್ರೈವರ್ ಕ್ಯಾಬಿನ್ನಿಗೂ ನಮಗೂ ನಡುವೆ ಗೋಡೆ. ಕಿಟಕಿಗಳು ತೆರೆಯದ ದಪ್ಪ ಗಾಜು. ಹೊರಗಿನ ಸದ್ದು ಒಳಗೆ ಬರಬಾರದೆಂದು ಗೋಡೆಗಳಿಗೆಲ್ಲ ರಬ್ಬರು, ಸ್ಪಂಜು ತುಂಬಿದ್ದರು. ಒಳಗಿನ ಸದ್ದೂ ಹೊರಗೆ ಹೋಗುತ್ತಿರಲಿಲ್ಲ. ಹತ್ತು ನಿಮಿಷ ಇಬ್ಬರೂ ಗಾಜು ಬಡಿದು ಕೂಗಿದೆವು. ಗೇಟಿನ ಹತ್ತಿರ ವಾಚ್‌ಮನ್ನಿನ ನೀಲಿ ಬೆನ್ನು ಕಾಣುತ್ತಿತ್ತು. ಅವನು ತಿರುಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಎಲ್ಲಿಗೋ ಹೋದ.

ಮೇಲೆ ತಗಡಿನ ಮಾಡು, ಕೆಳಗೆ ಈ ಮುಚ್ಚಿದ ಡಬ್ಬಿ. ಹೊಸ ಪ್ಲೈವುಡ್ಡಿನ ಅಂಟಿನ ವಾಸನೆ ಶೆಕೆಗೆ ಎದ್ದು ಮೂಗಿನೊಳಗೆ ಉರಿಯುತ್ತಿತ್ತು. ಅಕ್ಕ ಮಾತ್ರ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕುಂದ್ರು ತಂಗಿ. ಬಡದು ಬಡದು ಉಸಿರು ಕಳಕೋಬ್ಯಾಡ. ಕರೆಂಟ್ ಎಲ್ಲಿ ನಿಂತೈತಿ ನೋಡೂಣು."

ಅಲ್ಲಿಯವರೆಗೆ ಮೇಡಂ ಆಗಿದ್ದ ನಾನು ಆ ಹೊತ್ತಿಗೆ ತಂಗಿಯಾಗಿದ್ದೆ.

ಬ್ಯಾಟರಿಗಳು ಸೋಫಾದ ಕೆಳಗಿದ್ದವು. ಅವುಗಳಿಗೂ ಗಾಡಿಯ ಒಳಗಿನ ವೈರುಗಳಿಗೂ ನಡುವೆ ಒಂದು ಕಟ್-ಆಫ್ ಸ್ವಿಚ್ ಇತ್ತು. ಅದನ್ನು ತಿರುಗಿಸಿದರೆ ಇಡೀ ಗಾಡಿಗೆ ಕರೆಂಟ್, ವಾಪಸ್ ತಿರುಗಿಸಿದರೆ ಬಂದ್. ಅದರ ಹಿಡಿ ಮಾತ್ರ ಹೊರಗೆ ಕಾಣುತ್ತಿತ್ತು, ಉಳಿದದ್ದೆಲ್ಲ ಸೋಫಾದ ಹಲಗೆಯ ಹಿಂದೆ. ನಾನು ಫ್ಯೂಸ್ ಪೆಟ್ಟಿಗೆ ತೆರೆದು ಮೀಟರ್ ಇಟ್ಟೆ. ಹನ್ನೆರಡೂವರೆ ವೋಲ್ಟ್ ತೋರಿಸಿತು. ಇಲ್ಲಿಯವರೆಗೂ ಕರೆಂಟ್ ಬರುತ್ತಿದೆ, ಹಾಗಾದರೆ ಸ್ವಿಚ್ ಸರಿಯಿದೆ, ತೊಂದರೆ ಬಾಗಿಲ ಮೋಟರಿನಲ್ಲೇ ಎಂದು ಖಡಾಖಂಡಿತವಾಗಿ ಹೇಳಿದೆ. ಒಂದೂವರೆ ಗಂಟೆ ಬಾಗಿಲ ಮೇಲಿನ ವೈರುಗಳನ್ನು ಒಂದೊಂದಾಗಿ ಬಿಚ್ಚಿದೆವು, ಕೂಡಿಸಿದೆವು. ಬೆವರು ಕಣ್ಣಿಗೆ ಇಳಿದು ಬಣ್ಣಗಳೇ ಗೊತ್ತಾಗುತ್ತಿರಲಿಲ್ಲ. ಕುಡಿಯಲು ತಂದಿದ್ದ ಒಂದು ಬಾಟಲಿ ನೀರೂ ಮುಗಿಯಿತು.

ನಾನು ಅಳಲು ಶುರು ಮಾಡಿದೆ. ಅಕ್ಕ ಸಮಾಧಾನ ಹೇಳಲಿಲ್ಲ. ವೈರು ಸುಲಿಯುತ್ತಲೇ ಒಂದು ಸಂಗತಿ ಹೇಳಿದಳು. ಮದುವೆಯಾಗಿ ದಾಸರಹಳ್ಳಿಗೆ ಬಂದ ಹೊಸದರಲ್ಲಿ ಅವಳ ಗಂಡ ದಿನಾ ಹೊರಗಿನಿಂದ ಬೀಗ ಹಾಕಿಕೊಂಡು ಡ್ಯೂಟಿಗೆ ಹೋಗುತ್ತಿದ್ದನಂತೆ. ಒಂದೇ ಕೋಣೆ, ಕಿಟಕಿಯ ಆಚೆ ಇನ್ನೊಂದು ಮನೆಯ ಗೋಡೆ. ಎಂಟು ತಿಂಗಳು. ಒಂದು ದಿನ ಚಮಚದ ಹಿಂಬದಿಯಿಂದ ಬಾಗಿಲ ಕೀಲುಗಳ ತಿರುಪು ಬಿಚ್ಚಿ, ಬಾಗಿಲನ್ನೇ ಪಕ್ಕಕ್ಕೆ ಎತ್ತಿಟ್ಟು, ಪೀಣ್ಯದವರೆಗೆ ನಡೆದು ಬಂದು, ಮೊದಲು ಸಿಕ್ಕ ಗೇಟಿನಲ್ಲಿ ಕೆಲಸ ಕೇಳಿದಳಂತೆ.

"ಎಂಟು ತಿಂಗಳು ಯಾಕೆ ಸುಮ್ನಿದ್ರಿ ಅಕ್ಕಾ?" ಎಂದೆ.

"ಬೀಗ ನೋಡ್ಕೋತ ಕುಂತಿದ್ದೆ. ಕೀಲಿನ ಕಡೆ ಕಣ್ಣ ಹೋಗ್ಲಿಲ್ಲ" ಎಂದು ನಕ್ಕಳು.

ನಗುತ್ತಿದ್ದವಳು ಇದ್ದಕ್ಕಿದ್ದಂತೆ ಮೂಗು ಏರಿಸಿದಳು. "ಈ ಅಂಟಿನ ವಾಸನಿ ಒಳಗ ಮೀನಿನ ವಾಸನಿ ಬರಾಕ್ಹತ್ತೈತಿ, ನೋಡು" ಎಂದಳು. ಸೋಫಾದ ಹತ್ತಿರ ಬಗ್ಗಿ ಕಟ್-ಆಫ್ ಸ್ವಿಚ್ಚಿನ ಹಿಡಿ ಮುಟ್ಟಿ ಮೂಸಿದಳು. ಆಮೇಲೆ ಮಂಚದ ದೀಪದಿಂದ ಬಲ್ಬು ಬಿಚ್ಚಿ, ಎರಡು ವೈರು ಸುತ್ತಿ, ಫ್ಯೂಸ್ ಪೆಟ್ಟಿಗೆಗೆ ಹಿಡಿದಳು. ಬಲ್ಬು ಹೊತ್ತಲಿಲ್ಲ. ಅವಳು ಹಿಡಿದಿರುವಾಗಲೇ ನಾನು ಮೀಟರ್ ಇಟ್ಟರೆ ಹನ್ನೆರಡೂವರೆ ಇದ್ದದ್ದು ಸೊನ್ನೆಗೆ ಬಿತ್ತು.

"ಮೀಟರಿಗೆ ಹೊಟ್ಟಿ ಇಲ್ಲ ತಂಗಿ, ಕೂದಲೆಳಿಯಷ್ಟು ಕರೆಂಟ್ ಸಿಕ್ರೂ ಸಾಕು, ಐತಿ ಅಂತೈತಿ. ಬಲ್ಬಿಗೆ ಊಟ ಬೇಕು. ಸ್ವಿಚ್ ಒಳಗ ಸುಟ್ಟೈತಿ."

ಸ್ವಿಚ್ಚಿನ ಎರಡು ಬದಿಯ ವೈರುಗಳನ್ನು ಸೇರಿಸಿಬಿಟ್ಟರೆ ಬಾಗಿಲು ತೆರೆಯುತ್ತದೆ. ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಸೋಫಾದ ಮುಂದಿನ ಹಲಗೆ ಕೀಳಬೇಕು. ಹಲಗೆಯ ಮೇಲೆ ಹಿಂದಿನ ದಿನ ತಾನೇ ಬಿಳಿಯ ಚರ್ಮ ಎಳೆದು ಹೊದಿಸಿದ್ದರು, ಹರಿಯದೆ ಅದು ಬರುವುದಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಹರಿಯಬೇಡಿ, ಯಾರಾದರೂ ಬರುತ್ತಾರೆ, ಶೀಟಿನ ಮೇಲೆ ನನ್ನ ಸಹಿ ಇದೆ, ನನ್ನ ಕೆಲಸ ಹೋಗುತ್ತದೆ ಎಂದು ಬೇಡಿಕೊಂಡೆ. ಅವಳು ನನ್ನ ಮುಖವನ್ನೇ ನೋಡಿ, ಪ್ಲೈಯರ್ ಕೆಳಗಿಟ್ಟಳು. ಕಾದೆವು. ಎಷ್ಟು ಹೊತ್ತೋ... ಗಾಜಿನ ಮೇಲೆ ನಮ್ಮ ಉಸಿರು ಕಟ್ಟಿ ನೀರಾಗಿ ಇಳಿಯುತ್ತಿತ್ತು. ನನಗೆ ವಾಂತಿಯಾಯಿತು. ಆಮೇಲೆ ಕಿವಿಯಲ್ಲಿ ಗುಂಯ್ ಎಂದು ಸದ್ದು, ಅಕ್ಕ ಕೆನ್ನೆ ತಟ್ಟಿ ಕರೆಯುತ್ತಿರುವುದು ಬಹಳ ದೂರದಿಂದ ಕೇಳಿಸಿತು. ಅದರ ಹಿಂದೆ ಚರ್ಮ ಹರಿಯುವ ಪರ್ರ್ ಎಂಬ ಸದ್ದು.

ನಾನು ಕಣ್ಣು ಬಿಟ್ಟಾಗ ಬಾಗಿಲು ತೆರೆದಿತ್ತು. ಅವಳ ಬಲಗೈ ಹೆಬ್ಬೆರಳು ಸುಟ್ಟು ಬೆಳ್ಳಗಾಗಿತ್ತು. ವೈರು ಸೇರಿಸುವಾಗ ಕಿಡಿ ಹಾರಿತ್ತಂತೆ.

ಸೋಮವಾರ ಗಾಡಿ ಹೊರಡಲಿಲ್ಲ. ಮಾಲೀಕರು ಹರಿದ ಚರ್ಮದ ಮುಂದೆ ನಿಂತು, ಯಾರು ಹರಿದದ್ದು ಎಂದು ಕೇಳಿದರು. "ನಾನ್ರಿ" ಎಂದಳು ಅಕ್ಕ. ಸ್ವಿಚ್ ಕೂರಿಸಿದ್ದು ಯಾರು ಎಂದರು. ಅದಕ್ಕೂ "ನಾನ್ರಿ" ಎಂದಳು. ಅವರು ಚೆಕ್‌ಶೀಟ್ ಹಿಡಿದು ನನ್ನ ಕಡೆ ತಿರುಗಿದರು. ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ ಪರೀಕ್ಷಿಸಬೇಕೆಂದು ಅದರಲ್ಲಿತ್ತು. ಅದರ ಮುಂದೆ ನನ್ನ ಟಿಕ್ ಇತ್ತು. ಶನಿವಾರ ಮನೆಗೆ ಹೊತ್ತಾಗುತ್ತದೆಂದು ನಾನು ಒಂದು ಸಲವೂ ಓಡಿಸಿ ನೋಡಿರಲಿಲ್ಲ. ಹಾಗೆ ಓಡಿಸಿದ್ದರೆ ಸ್ವಿಚ್ಚು ಆವತ್ತೇ ಕೈಕೊಡುತ್ತಿತ್ತು. ಶನಿವಾರ ಬಾಗಿಲ ಹತ್ತಿರವೇ ಕೂತಿದ್ದ ಅಕ್ಕನಿಗೆ ನಾನು ಓಡಿಸಿ ನೋಡಿಲ್ಲವೆಂದು ಗೊತ್ತಿತ್ತು.

"ಹತ್ತು ಸಲ ನೋಡಿದ್ರೇನಮ್ಮಾ?"

"ನೋಡಿದ್ದೆ ಸಾರ್."

ಅಕ್ಕ ಬಾಯಿ ತೆರೆಯಲಿಲ್ಲ. ಪರೀಕ್ಷೆಯಾದ ಮೇಲೆ ಇವಳೇ ಏನೋ ಕೆದಕಿ ಕೆಡಿಸಿದ್ದಾಳೆ ಎಂದು ತೀರ್ಮಾನವಾಯಿತು. ನಾಳೆಯಿಂದ ಬರುವುದು ಬೇಡ ಎಂದರು. ಅವಳು ತನ್ನ ಡಬ್ಬಿ, ಪ್ಲೈಯರ್ ಚೀಲಕ್ಕೆ ಹಾಕಿಕೊಂಡು ನನ್ನ ಮುಂದೆ ಒಂದು ಗಳಿಗೆ ನಿಂತು, "ಬರ್ತೀನ್ರಿ ಮೇಡಂ" ಎಂದಷ್ಟೇ ಹೇಳಿ ಹೋದಳು.

ಹತ್ತು ಹನ್ನೆರಡು ದಿನದ ಮೇಲೆ ವಾಚ್‌ಮನ್ ಒಳಗೆ ಬಂದು, ಆಯಮ್ಮ ಗೇಟಿನಲ್ಲಿದ್ದಾಳೆ, ನಿಮ್ಮನ್ನು ನೋಡಬೇಕಂತೆ ಎಂದ. ಜಗಳಕ್ಕೆ ಬಂದಿದ್ದಾಳೆ, ಎಲ್ಲರ ಮುಂದೆ ಹೇಳಿಬಿಡುತ್ತಾಳೆ ಎಂದುಕೊಂಡೆ. ನಾನು ರಜ ಎಂದು ಹೇಳಿ ಕಳಿಸು ಎಂದೆ. ಆ ದಿನ ನನ್ನ ಸ್ಕೂಟಿಯನ್ನು ಗೇಟಿನ ಹತ್ತಿರವೇ ಬಿಟ್ಟು, ಹಿಂದಿನ ಶೆಡ್ಡುಗಳ ಸಂದಿಯಿಂದ ಹೊರಬಿದ್ದು, ಬಸ್ಸಿನಲ್ಲಿ ಮನೆಗೆ ಹೋದೆ. ಒಂದು ತಿಂಗಳ ಮೇಲೆ ಧೈರ್ಯ ಮಾಡಿ ದಾಸರಹಳ್ಳಿಯ ಅವಳ ಕೋಣೆ ಹುಡುಕಿಕೊಂಡು ಹೋದರೆ ಅಲ್ಲಿ ಬೇರೆ ಯಾರೋ ಇದ್ದರು...

ಕಳೆದ ವರ್ಷ ದಾಸರಹಳ್ಳಿಯ ಮೆಟ್ರೋ ನಿಲ್ದಾಣದಲ್ಲಿ ಆ ವಾಚ್‌ಮನ್ ಸಿಕ್ಕ. ಮುದುಕನಾಗಿದ್ದ, ಆದರೂ ನನ್ನನ್ನು ಗುರುತು ಹಿಡಿದ. ಮಾತಿಗೆ ಮಾತು ಬಂದು ಅಕ್ಕನ ವಿಷಯ ಎತ್ತಿದೆ.

"ಜಗಳಕ್ಕಲ್ಲ ಮೇಡಂ ಆಯಮ್ಮ ಬಂದಿದ್ದು. ಬೊಮ್ಮಸಂದ್ರದಲ್ಲಿ ಎಲ್ಲೋ ಕೆಲ್ಸ ಇತ್ತಂತೆ. ವೈರಿಂಗ್ ಬರುತ್ತೆ ಅಂತ ಹಳೇ ಕಡೆಯಿಂದ ಒಂದ್ ಲೈನ್ ಬರೆಸ್ಕೊಂಡು ಬಾ ಅಂದಿದ್ರಂತೆ. ಮಾಲೀಕ್ರು ಬರ್ಕೊಡಲ್ಲ, ನೀವಾದ್ರೆ ಬರ್ಕೊಡ್ತೀರ ಅಂತ ಬಂದಿದ್ಲು."

"ನಾನು ರಜ ಅಂತ ಹೇಳಿದ್ರಿ ಅಲ್ವಾ?"

"ಹೇಳ್ದೆ. ನಿಮ್ ಸ್ಕೂಟಿ ಅಲ್ಲೇ ನಿಂತಿತ್ತಲ್ಲ ಮೇಡಂ, ನಂಬ್ತಾಳಾ? ಆದ್ರೂ ಶಿಫ್ಟ್ ಬಿಡೋವರೆಗೂ ಆ ಸ್ಕೂಟಿ ಪಕ್ಕದಲ್ಲೇ ಕೂತಿದ್ಲು."

ರೈಲು ಬಂತು. ಅವನು ಹತ್ತಿದ. ನನಗೆ ಹತ್ತಲಾಗಲಿಲ್ಲ.

ಆಮೇಲೆ ಬೊಮ್ಮಸಂದ್ರಕ್ಕೆ ಮೂರು ಸಲ ಹೋಗಿ ಬಂದೆ. ಅಲ್ಲಿನ ಫ್ಯಾಕ್ಟರಿಗಳ ಗೇಟು ಗೇಟಿನಲ್ಲಿ ನಿಂತು, ಬಿಜಾಪುರದ ಕಡೆಯವರು, ವೈರಿಂಗ್ ಮಾಡುತ್ತಿದ್ದರು ಎಂದು ಕೇಳಿದೆ. ಯಾವಾಗಿನ ಮಾತು ಎಂದು ಕೇಳುತ್ತಾರೆ, ಹತ್ತು ವರ್ಷದ ಮೇಲಾಯಿತು ಎಂದರೆ ನಗುತ್ತಾರೆ. ಅವಳಿಗೆ ಆ ಕೆಲಸ ಸಿಕ್ಕಿತೋ ಇಲ್ಲವೋ, ಎಲ್ಲಿದ್ದಾಳೋ... ಇನ್ನು ಗೊತ್ತಾಗುವುದಿಲ್ಲವೆಂದು ಒಪ್ಪಿಕೊಂಡಿದ್ದೇನೆ.

ಈಗ ನಾನಿರುವ ಕಂಪನಿಯಲ್ಲಿ ಕೆಲಸ ಬಿಟ್ಟು ಹೋಗುವವರಿಗೆ ಅನುಭವ ಪತ್ರ ಬರೆದುಕೊಡುವುದು ನನ್ನ ಜವಾಬ್ದಾರಿ. ಮೊನ್ನೆಯೂ ಇಬ್ಬರಿಗೆ ಕೊಟ್ಟೆ. ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ಇವರಿಗೆ ಕೆಲಸ ಚೆನ್ನಾಗಿ ಬರುತ್ತದೆ, ಕೆಳಗೊಂದು ಸಹಿ. ಎರಡು ನಿಮಿಷವೂ ಹಿಡಿಯುವುದಿಲ್ಲ.